ಅರ್ಧ ವರ್ಷದ ದ್ವೀಪ

ನನ್ನ ಪಿಎಚ್.ಡಿ. ಯಾವುದರ ಮೇಲೆ ಎಂದು ಅಜ್ಜಂಪುರದಲ್ಲಿ ಯಾರಾದರೂ ಕೇಳಿದರೆ ‘ಹಕ್ಕಿ ಎಲ್ಲಿ ಉಳ್ಕೊಳ್ಳುತ್ತೆ, ಯಾಕೆ ಅಲ್ಲೇ ಉಳ್ಕೊಳ್ಳುತ್ತೆ ಅಂತ ನೋಡೋದು’ ಎನ್ನುತ್ತೇನೆ. ಕೇಳಿದವರ ಮುಖದಲ್ಲಿ ಮೊದಲು ಒಂದಿಷ್ಟು ಕರುಣೆ, ಆಮೇಲೆ ಒಂದು ಲೆಕ್ಕಾಚಾರ ಹಾದುಹೋಗುತ್ತದೆ. ‘ಅದಕ್ಕೆ ಐದು ವರ್ಷ ಬೇಕೇನಮ್ಮ?’ ಎಂದು ನಮ್ಮ ಸೋದರಮಾವ ಒಮ್ಮೆ ಕೇಳಿದ್ದರು. ಮನೆ ಕಟ್ಟಲು ಸೈಟು ಹುಡುಕುತ್ತಾ ಕಡೂರು, ಬೀರೂರು, ತರೀಕೆರೆ ಎಂದು ಏಳು ವರ್ಷ ಅಲೆದು, ಕೊನೆಗೆ ಹಳೇ ಮನೆಯ ಹಿತ್ತಲಲ್ಲೇ ಕಟ್ಟಿಕೊಂಡವರು ಅವರು. ಅದನ್ನು ನಾನು ನೆನಪಿಸಲು ಹೋಗಲಿಲ್ಲ.

ಹಕ್ಕಿಯ ಹೆಸರು ರಿವರ್ ಟರ್ನ್. ಪಕ್ಷಿ ಪುಸ್ತಕಗಳಲ್ಲಿ ನದಿ ರೀವ ಎಂಬ ಚೆಂದದ ಹೆಸರಿದೆ, ಆದರೆ ಲಕ್ಕವಳ್ಳಿಯಲ್ಲಿ ಹಾಗೆ ಹೇಳಿದವರನ್ನು ನಾನಂತೂ ಕೇಳಿಲ್ಲ. ದೋಣಿ ನಡೆಸುವವರಿಂದ ಟೀ ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಅದು ‘ಟರ್ನು’. ಅಲ್ಲಿರುವ ಜಂಗಲ್ ಲಾಡ್ಜಸ್‌ನ ವಸತಿಧಾಮಕ್ಕೂ ಇದೇ ಹಕ್ಕಿಯ ಹೆಸರಿಟ್ಟಿರುವುದರಿಂದ ‘ಟರ್ನಿಗಾ?’ ಎಂದು ಆಟೋದವರು ಕೇಳಿದಾಗ ಹಕ್ಕಿಗೋ ಕಾಟೇಜಿಗೋ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ತೆಳ್ಳಗಿನ ಮೈ, ಬೂದು ಬೆನ್ನು, ಕವಲೊಡೆದ ಉದ್ದ ಬಾಲ, ಹಳದಿ ಕೊಕ್ಕು, ಕೆಂಪು ಕಾಲು. ಮರಿ ಮಾಡುವ ಕಾಲ ಬಂತೆಂದರೆ ತಲೆಯ ಮೇಲೆ ಹಣೆಯಿಂದ ಕತ್ತಿನ ತನಕ ಕಪ್ಪು ಟೋಪಿ. ಗಂಡು ಮೀನು ಹಿಡಿದು ತಂದು ಹೆಣ್ಣಿನ ಮುಂದೆ ನಿಲ್ಲುತ್ತದೆ. ಹೆಣ್ಣು ತಕ್ಷಣ ತೆಗೆದುಕೊಂಡರೆ ಆಯಿತು, ಇಲ್ಲದಿದ್ದರೆ ಮೀನು ಕಚ್ಚಿಕೊಂಡೇ ಅದರ ಸುತ್ತ ಸುತ್ತುತ್ತದೆ. ಕ್ಯಾಮೆರಾದವರಿಗೆ ಬೇಕಿರುವುದು ಈ ಚಿತ್ರ. ನನಗೆ ಬೇಕಿರುವುದು ಅದಕ್ಕಿಂತ ಮುಂಚಿನದು. ಇಷ್ಟು ದೊಡ್ಡ ನೀರಿನಲ್ಲಿ ಇವೆರಡೂ ಇದೇ ದಿಬ್ಬಕ್ಕೆ ಯಾಕೆ ಬಂದವು ಎಂಬುದು.

ದಿಬ್ಬ ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು ಸುಮಾರು 71.5 ಟಿಎಂಸಿ. ಮಳೆಗಾಲದಲ್ಲಿ ನಮ್ಮ ಕಡೆಯವರು ಪೇಪರ್ ತೆಗೆದರೆ ಮೊದಲು ಹುಡುಕುವುದು ಈ ಅಡಿಯ ಲೆಕ್ಕವನ್ನು. ಅಣೆ ಕಟ್ಟುವ ಮುಂಚೆ ಅಲ್ಲಿದ್ದದ್ದು ಸಪಾಟು ಬಯಲಲ್ಲ, ಗುಡ್ಡ ಕಣಿವೆಗಳ ನಾಡು. ಹಾಗಾಗಿ ಜಲಾಶಯ ತುಂಬಿ ನಿಂತಾಗಲೂ ದೊಡ್ಡ ಗುಡ್ಡಗಳ ತಲೆ ಮರಗಳ ಸಮೇತ ಮೇಲಿರುತ್ತದೆ. ಚಿಕ್ಕ ಗುಡ್ಡಗಳು ಪೂರ್ತಿ ಮುಳುಗಿಬಿಡುತ್ತವೆ. ಸೆಪ್ಟೆಂಬರಿನಲ್ಲಿ ದೋಣಿ ಹತ್ತಿದರೆ ನಿಮ್ಮ ಕಾಲಡಿ ಎಲ್ಲೋ ಅವು ಇರುತ್ತವೆ, ಕಾಣುವುದಿಲ್ಲ. ಜನವರಿಯಲ್ಲಿ ಬೇಸಿಗೆ ಬೆಳೆಗೆಂದು ನಾಲೆಗೆ ನೀರು ಬಿಡಲು ಶುರುವಾದ ಮೇಲೆ ಜಲಾಶಯ ಇಳಿಯುತ್ತಾ ಹೋಗಿ, ಮೊದಲು ಒಂದು ಕೆಂಪು ಚುಕ್ಕೆ, ವಾರದ ನಂತರ ಒಂದು ಕಣದಷ್ಟು ಜಾಗ, ಮಾರ್ಚಿನ ಹೊತ್ತಿಗೆ ಒಂದು ದ್ವೀಪ. ಅಂಚಿನ ಸುತ್ತ ಅಲೆ ಬಡಿದು ಮೂಡಿದ ಮೆಟ್ಟಿಲಿನಂಥ ಗೆರೆಗಳು. ಯಾವ ವಾರ ನೀರು ಎಷ್ಟಿತ್ತು ಎಂಬುದನ್ನು ಆ ಗೆರೆ ಎಣಿಸಿ ಓದಬಹುದು. ಜೂನಿನಲ್ಲಿ ಮಳೆ ಹಿಡಿದರೆ ಅದೇ ಗೆರೆಗಳನ್ನು ನೀರು ಒಂದೊಂದಾಗಿ ಹತ್ತುತ್ತದೆ. ಮತ್ತೆ ದ್ವೀಪವಿಲ್ಲ.

ಟರ್ನುಗಳು ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಗೆ ಹಾರಲು ಬರುವ ತನಕ ಕಾಯುವುದೆಲ್ಲ ಈ ನಡುವೆ. ಗೂಡು ಎಂದರೆ ಗೂಡಲ್ಲ, ಜಲ್ಲಿಮಣ್ಣಿನಲ್ಲಿ ಎದೆಯಿಂದ ಒತ್ತಿ ಕಾಲಿಂದ ಕೆರೆದ ಒಂದು ತಗ್ಗು. ಎರಡೋ ಮೂರೋ ಮೊಟ್ಟೆ, ಕಲ್ಲಿನ ಬಣ್ಣ, ಮೇಲೆ ಕಂದು ಮಚ್ಚೆ. ನನಗೆ ಇದು ಅಪರಿಚಿತವೇನಲ್ಲ. ಅಜ್ಜಂಪುರದ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನ ಅಂಚಿನಲ್ಲಿ ಬೆಳೆದವಳು ನಾನು. ಬರಿನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭ, ದನಗಳ ಗೊರಸಿನ ಗುರುತಿನ ಪಕ್ಕದಲ್ಲೇ ಅದರ ಮೊಟ್ಟೆ, ಹತ್ತಿರ ಹೋದರೆ ತಲೆಯ ಮೇಲೆ ಅದು ಹಾಕುವ ಕೂಗು, ಇವೆಲ್ಲ ಚಿಕ್ಕಂದಿನಿಂದ ಗೊತ್ತು. ಆದರೆ ಟಿಟ್ಟಿಭ ಒಂಟಿ ಸಂಸಾರಿ. ಟರ್ನು ಕೇರಿ ಕಟ್ಟಿಕೊಂಡು ಬದುಕುವ ಹಕ್ಕಿ. ಒಂದು ಗದ್ದಲದ ಕೇರಿ.

ಕೇರಿಗೆ ಜಾಗ ಆರಿಸುವಾಗ ಅವು ಏನೇನು ನೋಡುತ್ತವೆ? ದೂರದಿಂದ ಟೆಲಿಸ್ಕೋಪ್ ಇಟ್ಟು ನಾಲ್ಕು ಬೇಸಿಗೆ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು. ಮೊದಲನೆಯದಾಗಿ ಬೋಳು ನೆಲ. ಗಿಡಗಂಟಿ, ಎತ್ತರದ ಹುಲ್ಲು ಇರುವ ಕಡೆ ಅವು ಕೂರುವುದಿಲ್ಲ. ನೆಲದ ಮೇಲೆ ಕೂತ ಹಕ್ಕಿಗೆ ನಾಲ್ಕೂ ದಿಕ್ಕು ಕಾಣಬೇಕು, ಗರುಡವೋ ಕಾಗೆಯೋ ಬಂದರೆ ದೂರದಲ್ಲೇ ಗೊತ್ತಾಗಬೇಕು. ಈ ದಿಬ್ಬಗಳು ಬೋಳಾಗಿರುವುದು ವರ್ಷದ ಅರ್ಧ ಭಾಗ ನೀರಡಿ ಇರುವುದರಿಂದಲೇ. ಒಂದು ವರ್ಷ ಮಳೆ ಕೈಕೊಟ್ಟು ದಿಬ್ಬ ಮುಳುಗದೇ ಹೋದರೆ ಅದರ ಮೇಲೆ ಹುಲ್ಲು ಏಳುತ್ತದೆ. ಅಂದರೆ ಮೊಟ್ಟೆಯನ್ನು ಮುಳುಗಿಸಬಲ್ಲ ನೀರೇ ಮೊಟ್ಟೆಯಿಡುವ ಜಾಗವನ್ನೂ ಮಾಡಿಕೊಡುತ್ತದೆ. ಎರಡನೆಯದು, ಸುತ್ತಲಿನ ನೀರು. ನರಿ, ನಾಯಿ, ಹಂದಿ ದಾಟದಷ್ಟು ಇರಬೇಕು. ನೀರು ತೀರಾ ಇಳಿದರೆ ದಿಬ್ಬದಿಂದ ದಡಕ್ಕೆ ಮಣ್ಣಿನ ಒಂದು ಕತ್ತು ಏಳುತ್ತದೆ, ಅಲ್ಲಿಗೆ ದ್ವೀಪದ ಕಥೆ ಮುಗಿಯಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಪಟ್ಟಿ ಸೇರಿದ್ದು ನೆನಪಿರಬಹುದು. ಅದರ ಮರುಬೇಸಿಗೆಯಲ್ಲಿ, ಹಿಂದಿನ ವರ್ಷ ಕೇರಿಯಿದ್ದ ಒಂದು ದಿಬ್ಬದ ನೆತ್ತಿಗೆ ಎಮ್ಮೆಗಳು ಆರಾಮಾಗಿ ನಡೆದು ಹೋಗುವುದನ್ನು ನಾನು ನೋಡುತ್ತಾ ಕೂತಿದ್ದೆ. ಅಲ್ಲಿ ಆ ವರ್ಷ ಒಂದು ಟರ್ನೂ ಇಳಿಯಲಿಲ್ಲ. ಮೂರನೆಯದು ಎತ್ತರ. ಬೇಗ ಬಂದ ಜೋಡಿಗಳಿಗೆ ನೆತ್ತಿಯ ಜಾಗ, ತಡವಾಗಿ ಬಂದವಕ್ಕೆ ನೀರಂಚಿನ ಇಳಿಜಾರು.

ನೆರಳನ್ನು ಅವು ನೋಡುವುದೇ ಇಲ್ಲ ಎನ್ನುವುದು ನನಗೆ ಈಗಲೂ ಸೋಜಿಗ. ಏಪ್ರಿಲಿನ ಮಧ್ಯಾಹ್ನ ಆ ಜಲ್ಲಿಯ ಮೇಲೆ ಬರಿಗಾಲಿಡಲಾಗುವುದಿಲ್ಲ. ತಾಯಿಯೋ ತಂದೆಯೋ ಹಾರಿ ಹೋಗಿ ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಕಾವು ಕೊಡುವುದು ಎನ್ನುತ್ತೇವಲ್ಲ, ಆ ಹೊತ್ತಿನಲ್ಲಿ ಅವು ಕೊಡುವುದು ತಂಪು. ದ್ವೀಪಕ್ಕೆ ಯಾರೂ ಇಳಿಯಬಾರದು ಎನ್ನುವುದೂ ಇದಕ್ಕೇ. ಒಬ್ಬ ಮನುಷ್ಯ ಹತ್ತು ನಿಮಿಷ ಅಲ್ಲಿ ಓಡಾಡಿದರೆ ಕೇರಿಯಷ್ಟೂ ಮೇಲೆದ್ದು ಕೂಗಾಡುತ್ತಿರುತ್ತದೆ, ಕೆಳಗೆ ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ.

ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಗಳು ಮದುವೆಯಾಗಿ ಅಂಡಮಾನಿಗೆ ಹೊರಟಾಗ, ದ್ವೀಪದ ವಿಷಯ ಓದುವವಳು ಎಂಬ ಏಕೈಕ ಅರ್ಹತೆಯ ಮೇಲೆ, ರೂಮು ಆರಿಸುವ ಕೆಲಸ ನನ್ನ ತಲೆಗೆ ಬಂತು. ಹ್ಯಾವ್‌ಲಾಕ್‌ನಲ್ಲಿ (ಈಗ ಅದು ಸ್ವರಾಜ್ ದ್ವೀಪ) ಬೀಚುಗಳಿಗೆ ನಂಬರುಗಳಿವೆ. ಪೂರ್ವದ ಕಡೆ ಮೂರು, ಐದು, ಅಲ್ಲಿಯೇ ಬಹಳಷ್ಟು ರೆಸಾರ್ಟುಗಳು. ಪಶ್ಚಿಮದ ಕಡೆ ಏಳನೇ ನಂಬರು, ಅದೇ ರಾಧಾನಗರ. ಅವಳು ಫೋಟೋಗಳನ್ನು ಒಂದರ ಮೇಲೊಂದು ಕಳಿಸಿದಳು. ಎಲ್ಲದರಲ್ಲೂ ಬಾಗಿದ ತೆಂಗಿನ ಮರ, ಬಿಳಿ ಪರದೆ, ಬಾಗಿಲ ತನಕ ನೀಲಿ ನೀರು. ‘ಅಕ್ಕ, ಯಾವುದು ಚೆನ್ನಾಗಿದೆ ಹೇಳು’ ಎಂದಳು. ನಾನು ಫೋಟೋ ನೋಡುವುದು ಬಿಟ್ಟು ಭರತ ಇಳಿತದ ಪಟ್ಟಿ ನೋಡಿದೆ. ಪೂರ್ವದ ತೀರದಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹಳ ದೂರ ಸರಿಯುತ್ತದೆ, ಹವಳದ ಕಲ್ಲು ಮೇಲೇಳುತ್ತವೆ, ಮೊಣಕಾಲುದ್ದ ನೀರಿಗೂ ನಡೆದೇ ಹೋಗಬೇಕು. ಸೂರ್ಯೋದಯ ಮಾತ್ರ ಬಾಗಿಲಲ್ಲೇ. ಏಳನೇ ನಂಬರಿನಲ್ಲಿ ಈಜಬಹುದು, ಸೂರ್ಯಾಸ್ತ ಇದೆ, ಆದರೆ ಜೆಟ್ಟಿಯಿಂದ ದೂರ, ಸಂಜೆ ಮೇಲೆ ಊಟಕ್ಕೆ ರೆಸಾರ್ಟಿನ ಅಡುಗೆಮನೆಯೇ ಗತಿ. ‘ನಿಮಗೆ ಈಜಕ್ಕೆ ಬರುತ್ತಾ?’ ಎಂದು ಕೇಳಿದೆ. ಇಬ್ಬರಿಗೂ ಬರುವುದಿಲ್ಲ. ‘ಹಾಗಾದ್ರೆ ಐದನೇ ನಂಬರು. ಜೆಟ್ಟಿ ಹತ್ತಿರ, ಅಂಗಡಿ ಹತ್ತಿರ, ನೀರು ದೂರ’ ಎಂದೆ. ಅವಳಿಗೆ ಉತ್ತರ ಹಿಡಿಸಲಿಲ್ಲವಾದರೂ ಹೋಗಿ ಬಂದ ಮೇಲೆ ಒಂದು ಶಂಖದ ಡಬ್ಬಿ ತಂದುಕೊಟ್ಟಳು.

ಪ್ರವಾಸಿಗೆ ದ್ವೀಪದಲ್ಲಿ ಬೇಕಾದ್ದಕ್ಕೂ ಹಕ್ಕಿಗೆ ಬೇಕಾದ್ದಕ್ಕೂ ಪೂರ್ತಿ ತದ್ವಿರುದ್ಧ. ನಮಗೆ ಮರ ಬೇಕು, ನೆರಳು ಬೇಕು, ದಡದ ಸಂಪರ್ಕ ಬೇಕು. ಲಕ್ಷದ್ವೀಪದಲ್ಲಿ ಕವರತ್ತಿಯ ಬಳಿ ಪಿಟ್ಟಿ ಎಂಬ ಜನವಸತಿಯಿಲ್ಲದ ಒಂದು ಮರಳ ದಿಬ್ಬವಿದೆ. ಪಕ್ಷಿಧಾಮ. ಕಡಲ ಟರ್ನುಗಳು ಮೊಟ್ಟೆಯಿಡುವುದು ಅಲ್ಲಿ. ಅಲ್ಲಿ ಏನೂ ಇಲ್ಲ ಎಂಬುದೇ ಅದರ ಅನುಕೂಲ.

ನದಿಯ ಟರ್ನುಗಳಿಗೆ ಅಂಥ ಅನುಕೂಲ ಸಿಗುವುದು ಕಡಿಮೆಯಾಗುತ್ತಿದೆ. ಇರಾನಿನಿಂದ ಆಗ್ನೇಯ ಏಷ್ಯಾದ ತನಕ ಇರುವ ಹಕ್ಕಿ ಇದು. ಮೆಕಾಂಗ್ ನದಿಯ ದಡದಲ್ಲಿ ಈಗ ಬಹಳ ವಿರಳ. ಚಂಬಲ್‌ನಲ್ಲಿ ಬೇಸಿಗೆಯ ನೀರು ಕಡಿಮೆಯಾಗಿ ಮರಳ ದಿಬ್ಬಗಳು ದಡಕ್ಕೆ ಅಂಟಿಕೊಳ್ಳುತ್ತವೆ, ನಾಯಿಗಳೂ ದನಗಳೂ ಒಳಗೆ ಬರುತ್ತವೆ. ಇನ್ನು ಕೆಲವು ಕಡೆ ಮೇಲಿನ ಅಣೆಕಟ್ಟಿನಿಂದ ಹಠಾತ್ತನೆ ಬಿಟ್ಟ ನೀರಿಗೆ ಗೂಡುಗಳು ಕೊಚ್ಚಿ ಹೋಗುತ್ತವೆ. ಅಂದರೆ ಲೋಕದಲ್ಲೆಲ್ಲ ಈ ಹಕ್ಕಿಗೆ ಅಣೆಕಟ್ಟು ಶತ್ರು. ಲಕ್ಕವಳ್ಳಿಯಲ್ಲಿ ಮಾತ್ರ ಅಣೆಕಟ್ಟೇ ಅದಕ್ಕೆ ಮನೆ ಕೊಟ್ಟಿದೆ. ಈ ಮಾತನ್ನು ನಾನು ವಿಚಾರಸಂಕಿರಣಗಳಲ್ಲಿ ಹೇಳಿದಾಗ ಪರಿಸರದವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ನೀರಾವರಿಯವರು ಖುಷಿಪಡುತ್ತಾರೆ. ಇಬ್ಬರೂ ಆತುರಪಡುತ್ತಾರೆ ಎನ್ನುವುದು ನನ್ನ ಅಭಿಪ್ರಾಯ. ಕೊಟ್ಟ ಮನೆಯ ಬೀಗದ ಕೈ ಹಕ್ಕಿಯ ಬಳಿ ಇಲ್ಲವಲ್ಲ.

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಯ ಕಥೆ ಬರುತ್ತದೆ. ಕಡಲ ದಡದಲ್ಲಿ ಮೊಟ್ಟೆಯಿಡುವುದು ಬೇಡ, ಬೇರೆ ಜಾಗ ಹುಡುಕು ಎಂದು ಹೆಣ್ಣು ಹೇಳುತ್ತದೆ. ಸಮುದ್ರಕ್ಕೆ ನನ್ನ ಮಕ್ಕಳನ್ನು ಮುಟ್ಟುವ ಧೈರ್ಯವುಂಟೇ ಎಂದು ಗಂಡು ಜಂಬ ಕೊಚ್ಚುತ್ತದೆ. ಸಮುದ್ರ ಮೊಟ್ಟೆಗಳನ್ನು ಒಯ್ಯುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನಿಗೆ ದೂರು ಕೊಟ್ಟು, ಗರುಡ ವಿಷ್ಣುವಿಗೆ ಹೇಳಿ, ವಿಷ್ಣು ಬಾಣ ಎತ್ತಿದ ಮೇಲೆ ಸಮುದ್ರ ಮೊಟ್ಟೆಗಳನ್ನು ವಾಪಸು ಕೊಡುತ್ತದೆ. ಭದ್ರೆಯ ಟರ್ನುಗಳ ಕಥೆಯಲ್ಲಿ ಸಮುದ್ರದ ಜಾಗದಲ್ಲಿ ಇರುವುದು ನೀರಾವರಿ ಸಲಹಾ ಸಮಿತಿ. ಬೇಸಿಗೆ ಬೆಳೆಗೆ ಎಂದಿನಿಂದ ನೀರು, ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂದು ಶಿವಮೊಗ್ಗದಲ್ಲಿ ಕೂತು ತೀರ್ಮಾನಿಸುವವರು ಅವರು. ದಾವಣಗೆರೆಯ ಕೊನೆಭಾಗದ ರೈತರು ಇನ್ನೂ ಹತ್ತು ದಿನ ಬೇಕೆಂದು ರಸ್ತೆಗಿಳಿಯುತ್ತಾರೆ, ನಾಲೆಯ ಮೊದಲಿನವರು ಬೇರೆ ಲೆಕ್ಕ ಹೇಳುತ್ತಾರೆ. ಆ ಹತ್ತು ದಿನದಲ್ಲಿ ಒಂದು ದಿಬ್ಬ ಮೇಲೇಳಬಹುದು, ಇನ್ನೊಂದು ದಡಕ್ಕೆ ಅಂಟಿಕೊಳ್ಳಬಹುದು. ಸಭೆಯಲ್ಲಿ ಹಕ್ಕಿಯ ಪ್ರಸ್ತಾಪ ಬರುವುದಿಲ್ಲ, ಬರಬೇಕು ಎಂದು ನಾನು ಒತ್ತಿ ಹೇಳುವುದೂ ಕಷ್ಟ.

ಯಾಕೆಂದರೆ ನಮ್ಮ ಅಪ್ಪ ರೈತರು. ಅದೂ ಅಜ್ಜಂಪುರದ ಕಡೆಯ ರೈತರು. ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಮಳೆಯೂ ಹೆಚ್ಚುಕಡಿಮೆ ಹಾಗೆಯೇ ಕವಲೊಡೆಯುತ್ತದೆ ಎಂದು ಅಪ್ಪ ಹೇಳುತ್ತಾರೆ, ಅದು ಮೊದಲನೇ ಗಾಡಿ ಹತ್ತಿ ಹೋಗಿಬಿಡುತ್ತದೆಯಂತೆ. ತರೀಕೆರೆಯ ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಮಲೆ. ನಮ್ಮ ಪಾಲಿಗೂ ಕಡೂರಿನ ಪಾಲಿಗೂ ಮಳೆ ನೆರಳು. ಅಪ್ಪನ ತೆಂಗು ಅಡಿಕೆಗೆ ಬೋರಿನ ನೀರೇ ಆಧಾರ. ಮೂರು ಬೋರಿನಲ್ಲಿ ಎರಡು ಬತ್ತಿವೆ. ಭದ್ರಾ ಮೇಲ್ದಂಡೆ ಯೋಜನೆ ಎಂಬ ಮಾತನ್ನು ನಾನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಭದ್ರೆಯ ನೀರನ್ನು ತರೀಕೆರೆ ತಾಲ್ಲೂಕಿನಲ್ಲಿ ಎತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ ಚಿತ್ರದುರ್ಗದ ಕಡೆ ಕಳಿಸುವುದು, ದಾರಿಯಲ್ಲಿ ನಮ್ಮ ಕಡೆಯ ಕೆರೆಗಳನ್ನೂ ತುಂಬಿಸುವುದು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಆ ವರ್ಷದ ದೊಡ್ಡ ಮಳೆಯ ಜೊತೆ ಭದ್ರೆಯ ನೀರಿನ ಪಾಲೂ ಅದರಲ್ಲಿತ್ತು. ಕೋಡಿ ನೋಡಲು ನಮ್ಮೂರಿನಿಂದ ಟೆಂಪೊ ಮಾಡಿಕೊಂಡು ಹೋದವರಲ್ಲಿ ಅಪ್ಪನೂ ಒಬ್ಬರು. ಬಂದು ಕೂತು, ‘ನಮ್ಮ ಮನೆ ಮುಂದಿಂದನೇ ಹೋಗಿದೆ ಕಣಮ್ಮ ಆ ನೀರು’ ಎಂದರು. ಹೆಮ್ಮೆಯೋ ಹೊಟ್ಟೆಕಿಚ್ಚೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ನನ್ನ ದಿಬ್ಬಗಳ ಸುತ್ತಲಿನ ನೀರು ಅದೇ ನೀರು.

ಅದರ ಅಡಿಯಲ್ಲಿ ನನ್ನ ಅಜ್ಜಿಯ ತವರೂ ಇದೆ. ಅಜ್ಜಿ ಮದುವೆಯಾಗಿ ಅಜ್ಜಂಪುರದ ಕಡೆ ಬಂದ ಕೆಲವೇ ವರ್ಷಕ್ಕೆ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂತು. ನೀರು ಬರುತ್ತದೆ ಎಂದು ಎಲ್ಲರಿಗೂ ಹೇಳಿದ್ದರಂತೆ. ಎಲ್ಲಿಯ ತನಕ ಬರುತ್ತದೆ ಎಂಬುದು ಗುರುತು ಕಲ್ಲು ನೆಟ್ಟವರಿಗೆ ಗೊತ್ತಿತ್ತು, ಅಜ್ಜಿಯ ಅಪ್ಪನಿಗೆ ನಂಬಿಕೆ ಬಂದಿರಲಿಲ್ಲ. ಆತ ಮಾಡಿದ್ದು ಅವತ್ತಿನ ಬುದ್ಧಿಗೆ ಸರಿಯಾದದ್ದೇ. ಹೊಳೆ ಅಂಚಿನ ಮನೆ ಬಿಚ್ಚಿ, ಜಂತೆ ತೊಲೆ ಹೊತ್ತು, ದನ ಮೇಯುತ್ತಿದ್ದ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡ. ‘ಗುಡ್ಡಕ್ಕೆ ನೀರು ಬರುತ್ತಾ?’ ಅಂದಿದ್ದನಂತೆ. ಮೊದಲನೇ ಮಳೆಗಾಲ ನೀರು ಗುಡ್ಡದ ಬುಡಕ್ಕೆ ಬಂದು ನಿಂತಿತು. ಆತ ಗೆದ್ದೆ ಎಂದುಕೊಂಡ. ಎರಡನೇ ಮಳೆಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೆ ಹಿಂದುಗಡೆಯ ತಗ್ಗಿನಲ್ಲೂ ನೀರು. ಸುತ್ತ ನೀರು. ದೋಣಿಯಲ್ಲಿ ಜನರನ್ನೂ ಎರಡು ಎಮ್ಮೆಯನ್ನೂ ದಾಟಿಸಿದರು, ಕಣಜದ ಭತ್ತ ಅಲ್ಲೇ ಉಳಿಯಿತು. ಆಮೇಲೆ ಅವರು ತರೀಕೆರೆ ಕಡೆ ಒಂದು ಹಳ್ಳಿಗೆ ಹೋಗಿ ನೆಲೆ ನಿಂತರು.

ಈ ಕಥೆಯನ್ನು ಅಜ್ಜಿ ಹೇಳಿದ್ದು ನಾನು ದ್ವೀಪಗಳ ಫೋಟೋ ತೋರಿಸಿದ ದಿನ. ಅದಕ್ಕೂ ಮುಂಚೆ ಒಂದು ಸಲವೂ ಹೇಳಿರಲಿಲ್ಲ. ಫೋನನ್ನು ಕಣ್ಣ ಹತ್ತಿರ ಹಿಡಿದು, ಬೋಳು ದಿಬ್ಬ, ಅದರ ತುಂಬ ಬಿಳಿ ಹಕ್ಕಿ, ಆಚೆ ನೀರಲ್ಲಿ ನಿಂತ ಒಣ ಮರದ ಬೊಡ್ಡೆಗಳನ್ನು ಬಹಳ ಹೊತ್ತು ನೋಡಿದಳು. ‘ಇದರಲ್ಲಿ ಯಾವ್ದು ನಿಮ್ಮ ಗುಡ್ಡ ಇರಬಹುದು ಅಜ್ಜಿ?’ ಎಂದು ಕೇಳಿದೆ. ‘ನೀರ ಮೇಲಿಂದ ನೋಡಿದ್ರೆ ಹೆಂಗೆ ಗೊತ್ತಾಗುತ್ತೆ? ನಾವು ಕೆಳಗಿಂದ ತಾನೆ ನೋಡ್ತಿದ್ದದ್ದು’ ಎಂದಳು. ಕರೆದುಕೊಂಡು ಹೋಗುತ್ತೇನೆ, ದೋಣಿಯಲ್ಲಿ ದೂರದಿಂದ ನೋಡಬಹುದು ಎಂದೆ. ಬೇಡವೆಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆ ಹಕ್ಕಿ ಮಳೆ ಹಿಡಿಯೋಕೆ ಮುಂಚೆ ಎದ್ದು ಹೋಗ್ತಾವಾ?’ ಎಂದು ಕೇಳಿದಳು. ಹೋಗುತ್ತವೆ ಎಂದೆ. ‘ಬುದ್ಧಿ ಇದೆ ಬಿಡು’ ಎಂದಳು.

ಭದ್ರೆಯ ಸುತ್ತ ಜನ ಎದ್ದು ಹೋದದ್ದು ಅದೊಂದೇ ಸಲವಲ್ಲ. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಅದರೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು, ಅವರಲ್ಲಿ ಬಹಳ ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿದ್ದಾರೆ. ದೇಶದಲ್ಲಿ ನಡೆದ ಪುನರ್ವಸತಿಗಳಲ್ಲಿ ಚೆನ್ನಾಗಿ ನಡೆದ ಕೆಲವೇ ಕೆಲವುಗಳಲ್ಲಿ ಇದೊಂದು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ನೀರಾವರಿ ಜಮೀನು ಸಿಕ್ಕಿದೆ, ಊರು ಅಚ್ಚುಕಟ್ಟಾಗಿದೆ, ನಾನೂ ನೋಡಿದ್ದೇನೆ. ಅಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ಇಲ್ಲಿ ಹೇಗಿದೆ ಎಂದು ಕೇಳಿದೆ. ‘ಬಸ್ಸಿದೆ, ಕರೆಂಟಿದೆ, ಆಸ್ಪತ್ರೆ ಹತ್ರ, ಆನೆ ಕಾಟ ಇಲ್ಲ. ಮಕ್ಕಳು ಓದಿದ್ವು. ಮಳೆ ಸದ್ದು ಒಂದು ಬೇರೆ ಥರ’ ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಶೀಟು, ಹೆಂಚಿನ ವ್ಯತ್ಯಾಸ ಹೇಳುತ್ತಿದ್ದಾರೋ ಏನೋ ಎಂದುಕೊಂಡು ಸುಮ್ಮನಾದೆ.

ಇಷ್ಟೆಲ್ಲ ಬೇರೆಯವರ ನೆಲೆಯ ಮಾತಾಯಿತು. ನನ್ನದು ಇನ್ನೊಂದು ಪ್ರಸಂಗ. ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಹಿನ್ನೀರು ಹತ್ತಿರವೇ. ಆದರೆ ಬೆಳಗ್ಗೆ ಐದಕ್ಕೆ ನೀರಂಚಿನಲ್ಲಿರಬೇಕಾದವಳಿಗೆ ಹಾಸ್ಟೆಲಿನ ಗೇಟು ಒಗ್ಗುವುದಿಲ್ಲ. ಹಾಗಾಗಿ ಪ್ರತಿ ಬೇಸಿಗೆಗೆ ನಾಲ್ಕೈದು ತಿಂಗಳ ಮಟ್ಟಿಗೆ ಒಂದು ರೂಮು ಬೇಕಾಗುತ್ತದೆ. ಮೊದಲ ವರ್ಷ ತರೀಕೆರೆಯಲ್ಲೂ ಲಕ್ಕವಳ್ಳಿಯ ಆಸುಪಾಸಿನಲ್ಲೂ ಹುಡುಕಿದೆ. ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ ‘ಯಾವ ಜನ?’ ಎನ್ನುವುದು. ಎರಡನೆಯದು ‘ಒಬ್ರೇನಾ?’ ಮೂರನೆಯದು ಮನೆಯಲ್ಲಿ ಮೀನು ಮಾಂಸ ಮಾಡುತ್ತೀರಾ ಎನ್ನುವುದು. ಒಂದು ಮನೆಯಲ್ಲಿ ಎಲ್ಲ ಒಪ್ಪಿಗೆಯಾಗಿ ಅಡ್ವಾನ್ಸು ಕೊಡುವ ಹೊತ್ತಿಗೆ, ಬೆಳಗಿನ ಜಾವ ನಾಲ್ಕೂವರೆಗೆ ಹೊರಡುತ್ತೇನೆ, ಅರಣ್ಯ ಇಲಾಖೆಯ ಅನುಮತಿ ಪತ್ರ ಇದೆ ಎಂದೆ. ಮನೆಯಾಕೆ ಪತ್ರ ಓದಿ, ಮಡಚಿ, ವಾಪಸು ಕೊಟ್ಟು ‘ಅಷ್ಟೊತ್ತಲ್ಲಿ ಹೆಣ್ಣುಮಗಳು ಗೇಟ್ ತೆಗೆದ್ರೆ ಬೀದಿಯವರು ನಮಗೆ ಕೇಳ್ತಾರಮ್ಮ, ಹಕ್ಕಿನಾ ಕೇಳ್ತಾರೆ?’ ಎಂದರು. ಆಕೆಯ ಮೇಲೆ ನನಗೆ ಸಿಟ್ಟಿದೆ, ಆಕೆ ಹೇಳಿದ್ದು ಸುಳ್ಳಲ್ಲ ಎಂಬುದರ ಮೇಲೆ ಅದಕ್ಕಿಂತ ಜಾಸ್ತಿ ಸಿಟ್ಟಿದೆ. ಕೊನೆಗೆ ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಹಿಂದಿನ ಕೋಣೆ. ಹಿತ್ತಲಿಂದ ಪ್ರತ್ಯೇಕ ಬಾಗಿಲು, ಬೀದಿಗೆ ಕಾಣದ ಓಣಿ, ಒಂದು ನಲ್ಲಿ, ಕಿಟಕಿಯಾಚೆ ಹುಣಸೆ ಮರ. ಯಾರ ಕಣ್ಣಿಗೂ ಬೀಳದೆ ಬಂದು ಹೋಗಬಹುದಾದ ಜಾಗ. ನಾಲ್ಕೂ ದಿಕ್ಕು ಕಾಣುವ ಬಯಲನ್ನು ಆರಿಸುವ ಹಕ್ಕಿಯನ್ನು ನೋಡಲು ನಾನು ಆರಿಸಿದ್ದು ಯಾವ ದಿಕ್ಕಿಗೂ ಕಾಣದ ಕೋಣೆ. ಮೇಷ್ಟ್ರ ಹೆಂಡತಿ ಒಂದೇ ಒಂದು ಕರಾರು ಹಾಕಿದರು: ‘ಬಂದ ತಕ್ಷಣ ಕಿಟಕಿ ಹತ್ರ ಬಂದೆ ಅಂತ ಹೇಳ್ಬಿಡು, ನಂಗೆ ನಿದ್ದೆ ಬರಲ್ಲ.’ ನಾಲ್ಕು ಬೇಸಿಗೆಯೂ ಹೇಳಿದ್ದೇನೆ.

ಈ ವರ್ಷ ಫೆಲೋಶಿಪ್ ಮುಗಿಯುತ್ತದೆ. ಮುಂದೆಲ್ಲಿ ಎಂದು ಮನೆಯಲ್ಲಿ ಕೇಳುತ್ತಾರೆ. ಬೆಂಗಳೂರಿನಲ್ಲಿ ಒಂದು ಕೆಲಸದ ಮಾತಿದೆ, ಕಡೂರಿನಲ್ಲಿ ಅತಿಥಿ ಉಪನ್ಯಾಸಕಿಯ ಜಾಗವಿದೆ, ಕಡೂರಿನಲ್ಲೇ ಒಂದು ಸಂಬಂಧವೂ ಬಂದಿದೆ. ಎರಡನ್ನೂ ಒಟ್ಟಿಗೆ ಹೇಳಿದರೆ ಅಮ್ಮನಿಗೆ ಸುಲಭವಾಗಿ ಕಾಣುತ್ತದೆ. ನಾನು ಸದ್ಯಕ್ಕೆ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿದ್ದೇನೆ.

ಆ ಅಧ್ಯಾಯ 2025ರ ಮೇ ತಿಂಗಳಿನದು. ಹಿಂದಿನ ಮುಂಗಾರಿನಲ್ಲಿ ಜಲಾಶಯ ತುಂಬಿದ್ದರಿಂದ ದಿಬ್ಬಗಳು ಎದ್ದದ್ದೂ ತಡ, ಹಕ್ಕಿಗಳು ಕೂತದ್ದೂ ತಡ. ನೆತ್ತಿಯ ಮೇಲಿನ ಮರಿಗಳು ರೆಕ್ಕೆ ಬಡಿಯುವುದನ್ನು ಕಲಿಯುತ್ತಿದ್ದವು. ಕೆಳಗಿನ ಇಳಿಜಾರಿನಲ್ಲಿ ಇನ್ನೂ ಮೊಟ್ಟೆಯ ಮೇಲೆ ಕೂತ ಜೋಡಿಗಳಿದ್ದವು. ಆ ವರ್ಷ ಮುಂಗಾರು ವಾಡಿಕೆಗಿಂತ ವಾರಕ್ಕೂ ಮುಂಚೆ, ಮೇ 24ಕ್ಕೇ, ಕೇರಳಕ್ಕೆ ಬಂತು. ಮಲೆನಾಡಿನಲ್ಲಿ ಅದರ ಹಿಂದೆಯೇ ಮಳೆ. ಎರಡು ದಿನ ದೋಣಿ ಇಳಿಸಲು ಆಗಲಿಲ್ಲ. ಮೂರನೇ ದಿನ ದಡದಿಂದಲೇ ಟೆಲಿಸ್ಕೋಪ್ ನೆಟ್ಟೆ, ಗಾಜಿನ ಮೇಲೆ ಹನಿ, ಒರೆಸಿ ಒರೆಸಿ ನೋಡಿದೆ. ಕೊನೆಯ ಗೆರೆಗೂ ಅದರ ಮೇಲಿನ ಗೂಡಿಗೂ ನಡುವೆ ಒಂದು ಮೊಳ ಇರಬಹುದು. ಹಕ್ಕಿ ಕೂತೇ ಇತ್ತು. ಮಳೆಗೆ ಮುಖ ಕೊಟ್ಟು, ಕಣ್ಣು ಅರೆಮುಚ್ಚಿ.

ಆಗ ಅಪ್ಪನ ಫೋನು ಬಂತು. ನಮ್ಮೂರಲ್ಲೂ ಮಳೆಯಂತೆ, ಒಳ್ಳೆಯ ಮಳೆಯಂತೆ, ತೋಟದಲ್ಲಿ ನೀರು ನಿಂತಿದೆಯಂತೆ. ಬಹಳ ವರ್ಷಗಳ ಮೇಲೆ ಅವರ ದನಿ ಹಾಗೆ 들ಗುರವಾಗಿ ಕೇಳಿದ್ದು.

‘ಡ್ಯಾಮಿಗೆ ನೀರು ಬರ್ತಿದೆಯೇನಮ್ಮ?’

‘ಬರ್ತಿದೆ ಅಪ್ಪ.’

‘ಏರ್ತಾ ಇದೆಯಾ?’

‘ಏರ್ತಾ ಇದೆ.’

‘ಒಳ್ಳೇದಾಯ್ತು ನೋಡು’ ಎಂದರು. ನಾನು ಹೂಂ ಎಂದು ಫೋನನ್ನು ಭುಜಕ್ಕೆ ಒತ್ತಿ ಹಿಡಿದು, ಮತ್ತೊಮ್ಮೆ ಗಾಜು ಒರೆಸಿದೆ.